ಏಣಿಯ ಬುಡದಲ್ಲಿ ಅತ್ತೆ

ನವರಾತ್ರಿ ಮುಗಿದ ಮೇಲೆ ಕ್ರಿಸ್‌ಮಸ್ ತನಕ ನನ್ನನ್ನು ಯಾರೂ ಊಟಕ್ಕೆ ಕರೆಯುತ್ತಿರಲಿಲ್ಲ. ಕರೆದರೆ ನಾನು ಹೋಗುತ್ತಿರಲಿಲ್ಲ, ಹೋದರೆ ತಲೆಗೂದಲಲ್ಲಿ ಓಕ್ ಎಲೆ ಸಿಕ್ಕಿಕೊಂಡಿರುತ್ತಿತ್ತು. ಆಸ್ಟಿನ್ ಪಕ್ಕದ ಸೀಡರ್ ಪಾರ್ಕ್ ಊರಿನ ನಮ್ಮ ಕನ್ನಡದವರಿಗೆಲ್ಲ ಇದು ಗೊತ್ತಿತ್ತು. ಚಳಿ ಬೀಳುವ ಮುಂಚೆ ಮನೆಗಳ ಹೊರಮೈ ತೊಳೆಯುವುದು, ಗಟರಿನ ಎಲೆ ಬಳಿದು ತೆಗೆಯುವುದು, ನೀರು ಹೆಪ್ಪುಗಟ್ಟದಂತೆ ಹೊರಗಿನ ನಲ್ಲಿಗಳಿಗೆ ಟೋಪಿ ಹಾಕುವುದು ನನ್ನ ಕಸುಬು. ಗಟರ್ ಎಂದರೆ ಛಾವಣಿಯ ಅಂಚಿನುದ್ದಕ್ಕೂ ಹೊಡೆದಿರುವ ತಗಡಿನ ದೋಣಿ. ಛಾವಣಿಯ ನೀರು ಅದರಲ್ಲಿ ಹರಿದು, ಮೂಲೆಯ ಕೊಳವೆಯಲ್ಲಿ ಇಳಿದು ಹೋಗಬೇಕು. ಎಲೆ ತುಂಬಿ ಕಟ್ಟಿಕೊಂಡರೆ ನೀರು ಗೋಡೆಯ ಒಳಗೆ ಇಳಿಯುತ್ತದೆ, ಮರ ಕೊಳೆಯುತ್ತದೆ, ಆಮೇಲೆ ಜನ ತಲೆಯ ಮೇಲೆ ಕೈ ಹೊತ್ತುಕೊಂಡು ನನಗೆ ಫೋನ್ ಮಾಡುತ್ತಾರೆ.

ಟೆಕ್ಸಾಸ್‌ನಲ್ಲಿ ಎಂಥ ಚಳಿಗಾಲ ಎಂದು ಮೈಸೂರಿನ ನನ್ನ ಅಕ್ಕ ನಗುತ್ತಿದ್ದಳು. ಅವಳಿಗೇನು ಗೊತ್ತು. ಬೆಳಿಗ್ಗೆ ತೆಳ್ಳಗಿನ ಶರ್ಟಿನಲ್ಲಿ ಕೆಲಸ ಶುರು ಮಾಡಿರುತ್ತೇವೆ, ಮಧ್ಯಾಹ್ನದ ಹೊತ್ತಿಗೆ ಉತ್ತರದ ಕಡೆಯಿಂದ ಒಂದು ಗಾಳಿ ಹೊರಡುತ್ತದೆ, ನೋಡನೋಡುತ್ತಿದ್ದಂತೆ ಕೈಬೆರಳು ಸೆಟೆದುಕೊಳ್ಳುತ್ತವೆ. ಆ ಗಾಳಿ ಬರುವ ಮುನ್ಸೂಚನೆ ಟೀವಿಯಲ್ಲಿ ಬಂದರೆ ಸಾಕು, ವರ್ಷವೆಲ್ಲ ಗಟರ್ ಕಡೆ ಕತ್ತೆತ್ತಿ ನೋಡದವರೂ ಅವತ್ತೇ ಬಾ ಎನ್ನುತ್ತಾರೆ. ಗಾಳಿ ಬಂದಾಗ ತೂರಿಕೋ ಅನ್ನುವ ಗಾದೆ ಮಾಡಿದವರು ನನ್ನ ಕಸುಬು ನೋಡಿಯೇ ಮಾಡಿರಬೇಕು.

ಈ ಕಸುಬಿಗೆ ನಾನು ಬಂದದ್ದು ನನ್ನ ಗಂಡ ಏಣಿಯಿಂದ ಬಿದ್ದು ಸತ್ತ ಮೇಲೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಹೇಳದಿದ್ದರೆ ಜನ ಬೇರೆ ಯಾರಿಂದಲೋ ಕೇಳಿ ನನ್ನ ಮುಖ ನೋಡುವ ರೀತಿ ಬದಲಾಗುತ್ತದೆ, ಅದನ್ನು ನಾನು ಸಹಿಸಲಾರೆ. ಅವರು ಸಾಫ್ಟ್‌ವೇರ್ ಇಂಜಿನಿಯರ್, ಧಾರವಾಡದ ಕಡೆಯವರು, ಮನೆಯ ಸಣ್ಣಪುಟ್ಟ ಕೆಲಸ ತಾವೇ ಮಾಡಬೇಕೆಂಬ ಹಟದವರು. ನವೆಂಬರಿನ ಒಂದು ಶನಿವಾರ ಯಾರಿಗೂ ಹೇಳದೆ ಏಣಿ ಹಾಕಿಕೊಂಡು ಗಟರ್ ಬಳಿಯಲು ಹತ್ತಿದ್ದಾರೆ. ನಾನು ತರಕಾರಿ ತರಲು ಹೋಗಿದ್ದೆ. ಅವರ ತಾಯಿ, ಅಂದರೆ ನನ್ನ ಅತ್ತೆ, ಒಳಗೆ ಪೂಜೆ ಮಾಡುತ್ತಿದ್ದರು. ಏನೋ ಬಿದ್ದ ಸದ್ದಾಯಿತಂತೆ, ಪಕ್ಕದ ಮನೆಯ ಕಸದ ಡಬ್ಬಿ ಬಿತ್ತು ಅಂದುಕೊಂಡರಂತೆ, ಮಂಗಳಾರತಿ ಮುಗಿಸಿ ಬಂದು ನೋಡಿದರಂತೆ. ಇಷ್ಟನ್ನು ಅತ್ತೆ ನನಗೆ ಒಂದೇ ಒಂದು ಸಲ ಹೇಳಿದರು, ಮತ್ತೆ ಆ ಮಾತು ಎತ್ತಲಿಲ್ಲ. ನಾನೂ ಕೇಳಲಿಲ್ಲ. ತುಂಬ ಎತ್ತರದಿಂದೇನೂ ಬಿದ್ದದ್ದಲ್ಲ. ಕಾಂಕ್ರೀಟಿನ ಅಂಚಿಗೆ ತಲೆ ಬಡಿಯಿತು, ಅಷ್ಟೇ.

ತಿಥಿ ಎಲ್ಲ ಮುಗಿದು ಬಂದವರು ಹೊರಟುಹೋದ ಮೇಲೆ ಜೋರು ಮಳೆ ಬಂತು. ಅವರು ಅರ್ಧ ಬಳಿದು ಬಿಟ್ಟಿದ್ದ ಗಟರ್ ತುಂಬಿ ನಮ್ಮ ಮುಂಬಾಗಿಲ ಮೇಲೆಯೇ ನೀರು ಸುರಿಯತೊಡಗಿತು. ನಾನು ಕಿಟಕಿಯಲ್ಲಿ ನಿಂತು ನೋಡುತ್ತಿದ್ದೆ. ನನ್ನ ಗಂಡನನ್ನು ತಿಂದದ್ದೂ ಅಲ್ಲದೆ ನನ್ನ ಹೊಸಿಲ ಮೇಲೆ ನೀರು ಉಗುಳುತ್ತಿದೆಯಲ್ಲ ಎಂದು ನನಗೆ ಎಲ್ಲಿಲ್ಲದ ಸಿಟ್ಟು ಬಂತು. ದುಃಖಕ್ಕಿಂತ ಮೊದಲು ನನಗೆ ಯಾವಾಗಲೂ ಸಿಟ್ಟೇ ಬರುವುದು. ಮಳೆ ನಿಂತ ಮರುದಿನ ಅದೇ ಏಣಿಯನ್ನು ಗ್ಯಾರೇಜಿನಿಂದ ಎಳೆದು ತಂದು ಗೋಡೆಗೆ ಆನಿಸಿದೆ.

ಅತ್ತೆ ಬಾಗಿಲಿಗೆ ಬಂದರು. ಬೇಡ ಅನ್ನುತ್ತಾರೆ, ನಾನು ಕೂಗಾಡುತ್ತೇನೆ ಎಂದು ಸಿದ್ಧವಾಗಿದ್ದೆ. ಅವರು ಬೇಡ ಅನ್ನಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಅಂಗಳಕ್ಕೆ ಇಳಿದು ಬಂದು, ಏಣಿಯ ಎರಡೂ ಕಾಲುಗಳನ್ನು ಎರಡು ಕೈಯಲ್ಲಿ ಹಿಡಿದು ನಿಂತರು.

"ಹತ್ತು" ಅಂದರು. "ನಾ ಹಿಡದೇನಿ."

ಹೀಗೆ ಶುರುವಾದದ್ದು. ನಾನು ಗಟರಿನಲ್ಲಿ ನಿಂತಿದ್ದ ಕಪ್ಪು ರಾಡಿಯನ್ನು ಮುಷ್ಟಿ ಮುಷ್ಟಿ ತೆಗೆದು ಎಸೆಯುತ್ತಾ ಬಾಯಿಗೆ ಬಂದಂತೆ ಬೈಯುತ್ತಿದ್ದೆ. ಗಂಡನನ್ನೂ ಬೈದೆ, ಗಟರನ್ನೂ ಬೈದೆ. ಅತ್ತೆ ಕೆಳಗೆ ಏಣಿ ಹಿಡಿದೇ ಇದ್ದರು. ಅವರ ಸೀರೆಯ ಮೇಲೆಲ್ಲ ರಾಡಿ ಬಿದ್ದಿತ್ತು. ಎದುರು ಮನೆಯ ಅಮೆರಿಕನ್ ಮುದುಕ ಇದನ್ನೆಲ್ಲ ನೋಡಿದವನು ಸಂಜೆ ಬಂದು, ನಮ್ಮ ಮನೆಯದನ್ನೂ ಬಳಿದುಕೊಡುತ್ತೀಯಾ ಎಂದು ಕೇಳಿದ. ಮಾಡಿಕೊಟ್ಟೆವು. ಅವನು ತನ್ನ ಚರ್ಚಿನವರಿಗೆ ಹೇಳಿದ, ಅವರು ಇನ್ಯಾರಿಗೋ ಹೇಳಿದರು. ಮುಂದಿನ ವರ್ಷ ಆಯುಧಪೂಜೆಯ ದಿನ ಒಂದು ಹಳೇ ವ್ಯಾನು, ನೀರು ಚಿಮ್ಮುವ ಮೆಷೀನು, ಎಲೆ ಊದುವ ಬ್ಲೋವರ್, ಮೂರು ಅಳತೆಯ ಏಣಿಗಳು ನಮ್ಮ ಡ್ರೈವ್‌ವೇಯಲ್ಲಿ ಸಾಲಾಗಿ ನಿಂತು ಕುಂಕುಮ ಹಚ್ಚಿಸಿಕೊಂಡವು. ವ್ಯಾನಿನ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟವರು ಅತ್ತೆ. ಹ್ಯೂಸ್ಟನ್‌ನಲ್ಲಿ ಕಾಲೇಜು ಓದುತ್ತಿದ್ದ ನನ್ನ ಮಗಳಿಗೆ ಫೋಟೋ ಕಳಿಸಿದೆ. "ಅಮ್ಮ, ಆರ್ ಯು ಸೀರಿಯಸ್?" ಎಂದು ಮೆಸೇಜು ಬಂತು. ಆಮೇಲೆ ಒಂದು ಅಳುವ ಮುಖ, ಒಂದು ನಗುವ ಮುಖ.

ಅತ್ತೆಗೆ ಆಗಲೇ ಗ್ರೀನ್ ಕಾರ್ಡ್ ಇತ್ತು, ಇಲ್ಲೇ ಇದ್ದುಬಿಟ್ಟರು. ಅವರ ಸಣ್ಣ ಮಗ ಡಾಲಸ್ ಹತ್ತಿರ ಫ್ಲವರ್ ಮೌಂಡಿನಲ್ಲಿದ್ದ. ದೊಡ್ಡ ಕಂಪನಿಯಲ್ಲಿ ದೊಡ್ಡ ಕೆಲಸ, ದೊಡ್ಡ ಮನೆ. ನ್ಯಾಯವಾಗಿ ನೋಡಿದರೆ ಅತ್ತೆ ಅಲ್ಲಿ ಇರಬೇಕಾದವರು. ನನಗೂ ಅವರಿಗೂ ನಡುವೆ ಇದ್ದ ಕೊಂಡಿ ಕಳಚಿಹೋಗಿತ್ತಲ್ಲ. ಸತ್ತ ಮಗನ ಹೆಂಡತಿಯ ಹತ್ತಿರ ಅತ್ತೆ ಯಾಕೆ ಇರಬೇಕು? ಈ ಪ್ರಶ್ನೆ ನನ್ನೊಳಗೆ ಇದ್ದೇ ಇತ್ತು. ಯಾರೂ ಗಟ್ಟಿಯಾಗಿ ಕೇಳದಿರಲಿ ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ. ಯಾಕೆಂದರೆ ಅತ್ತೆ ಬುಡದಲ್ಲಿ ಇಲ್ಲದಿದ್ದರೆ ನಾನು ಏಣಿ ಹತ್ತಲಾರೆ, ಏಣಿಯ ಬುಡ ಇಲ್ಲದಿದ್ದರೆ ಅತ್ತೆ ಬದುಕಲಾರರು. ಇಬ್ಬರಿಗೂ ಇದು ಗೊತ್ತಿತ್ತು.

ನಮ್ಮ ಕೆಲಸದ ಕ್ರಮ ಹೀಗಿತ್ತು. ವ್ಯಾನಿನಿಂದ ಮೊದಲು ಇಳಿಯುವುದು ಅತ್ತೆಯ ಮಡಚುವ ಕುರ್ಚಿ. ನಾನು ನೀರಿನ ಹೋಸ್ ಪೈಪು ಎಳೆದು, ಟಾರ್ಪಾಲು ಹಾಸಿ, ಏಣಿ ನಿಲ್ಲಿಸುವ ತನಕ ಅವರು ಕುರ್ಚಿಯಲ್ಲಿ ಕೂತು ಆ ಮನೆಯನ್ನು ತಪಾಸಣೆ ಮಾಡುತ್ತಿದ್ದರು. ಸೀರೆ, ಅದರ ಮೇಲೆ ಮಗನ ಹಳೇ ಜಾಕೆಟ್ಟು, ತಲೆಗೆ ಮಂಕಿ ಕ್ಯಾಪು, ಕಾಲಿಗೆ ಮೊಮ್ಮಗಳು ಬಿಟ್ಟುಹೋದ ಗುಲಾಬಿ ಬಣ್ಣದ ಶೂಸು. ನಾನು ಮೊದಲ ಮೆಟ್ಟಿಲಿಗೆ ಕಾಲಿಟ್ಟ ಕೂಡಲೇ ಎದ್ದು ಬಂದು ಏಣಿ ಹಿಡಿಯುತ್ತಿದ್ದರು. ನಾನು ಕೆಳಗಿಳಿದು ನೆಲ ಮುಟ್ಟುವ ತನಕ ಬಿಡುತ್ತಿರಲಿಲ್ಲ. ಮೇಲೆ ಬ್ಲೋವರ್ ಸದ್ದು ನಿಂತಾಗೆಲ್ಲ ಕೆಳಗಿನಿಂದ ಕೂಗು ಬರುತ್ತಿತ್ತು.

"ಇದ್ದೀಯೇನಽ?"

"ಇದ್ದೀನತ್ತೆ."

"ಹೂಂ."

ಮೊದಮೊದಲು ನನಗೆ ರೇಗುತ್ತಿತ್ತು. ಇಲ್ಲದೆ ಎಲ್ಲಿಗೆ ಹೋಗಲಿ, ಛಾವಣಿ ಮೇಲೆ ಬಸ್‌ಸ್ಟಾಂಡ್ ಇದೆಯಾ ಎಂದು ಒಂದು ದಿನ ರೇಗಿಯೂ ಬಿಟ್ಟೆ. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಕೂಗು ಬಂತು. ನಾನೂ ಸುಮ್ಮನೆ ಉತ್ತರ ಕೊಡತೊಡಗಿದೆ.

ಗಿರಾಕಿಗಳಲ್ಲಿ ಅರ್ಧಕ್ಕರ್ಧ ನಮ್ಮವರೇ. ದೀಪಾವಳಿಗೆ ಮುಂಚೆ ಎಲ್ಲರಿಗೂ ಮನೆ ತೊಳೆಯಬೇಕು. ಕೆಲಸದವಳು ಎನ್ನಲು ಬಾಯಿ ಬಾರದೆ, ಅತಿಥಿ ಎನ್ನಲೂ ಆಗದೆ ಒದ್ದಾಡುತ್ತಿದ್ದರು ಪಾಪ. ಕೈ ತೊಳೆಯುವ ಮುಂಚೆಯೇ ಕಾಫಿ ಬರುತ್ತಿತ್ತು, ಚಕ್ಕುಲಿ ಬರುತ್ತಿತ್ತು. ಒಂದು ಶುಕ್ರವಾರ ನಮ್ಮ ಬೀದಿಯಾಚೆಯ ಬೆಂಗಳೂರಿನ ಹುಡುಗಿಯೊಬ್ಬಳು, ಹೊಸದಾಗಿ ಮನೆ ತೆಗೆದುಕೊಂಡವಳು, ಕೆಲಸ ಮುಗಿದ ಮೇಲೆ ಒಳಗಿನಿಂದ ತಟ್ಟೆ ಹಿಡಿದು ಬಂದಳು. ಅರಿಶಿನ, ಕುಂಕುಮ, ಬ್ಲೌಸ್ ಪೀಸು, ಎಲೆಯಡಿಕೆ. ಮನೆಗೆ ಬಂದ ಹೆಂಗಸರನ್ನು ಬರಿಗೈಯಲ್ಲಿ ಕಳಿಸಬಾರದೆಂದು ಅವಳಮ್ಮ ಫೋನಿನಲ್ಲಿ ಹೇಳಿಕೊಟ್ಟಿದ್ದಳಂತೆ. ನಮ್ಮ ಹತ್ತಿರ ಬಂದಾಗಲೇ ಅವಳಿಗೆ ನೆನಪಾದದ್ದು, ಇಬ್ಬರ ಹಣೆಯೂ ಬರಿದು ಎಂದು. ಮುಖ ಸುಣ್ಣದ ಹಾಗೆ ಬಿಳುಚಿಕೊಂಡಿತು. "ಸಾರಿ ಆಂಟಿ, ನನಗೆ... ಸಾರಿ" ಅನ್ನುತ್ತಾ ತಟ್ಟೆ ಹಿಂದಕ್ಕೆ ತೆಗೆದುಕೊಂಡಳು. ನನಗೆ ಆ ಹುಡುಗಿಯ ಮೇಲೆ ಸಿಟ್ಟು ಬರಲಿಲ್ಲ, ಅಯ್ಯೋ ಅನ್ನಿಸಿತು.

ಅತ್ತೆ ಕುರ್ಚಿಯಿಂದ ಎದ್ದರು. "ಕೊಡವಾ ಇಲ್ಲೆ" ಎಂದು ಕುಂಕುಮದ ಬಟ್ಟಲು ತೆಗೆದುಕೊಂಡು, ಹೋಗಿ ಏಣಿಯ ಎರಡೂ ಕಾಲಿಗೆ ಹಚ್ಚಿದರು. ಬ್ಲೌಸ್ ಪೀಸನ್ನು ಬಿಡಿಸಿ ಬೆಳಕಿಗೆ ಹಿಡಿದು ನೋಡಿದರು. "ಬಣ್ಣ ಛಲೋ ಅದ. ಏಣಿ ಒರಸಲಿಕ್ಕೆ ಭಾಳ ಚಂದ ಆಗ್ತದ." ಆ ಹುಡುಗಿ ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದಳು. ಅವತ್ತಿನಿಂದ ಅವಳು ನಮ್ಮ ಕಾಯಂ ಗಿರಾಕಿ.

ಇಂಥದೇ ಒಂದು ದೀಪಾವಳಿಗೆ ಮುಂಚೆ ಯಾರೋ ಪುಣ್ಯಾತ್ಮರು ಅತ್ತೆ ಏಣಿ ಹಿಡಿದು ನಿಂತಿದ್ದ ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಿದರು. ನಮ್ಮ ಸೂಪರ್ ಅಜ್ಜಿ ಎಂದು ಕೆಳಗೆ ಬರೆದಿದ್ದರು, ಪ್ರೀತಿಯಿಂದಲೇ. ಅದು ಆಸ್ಟಿನ್ ಗುಂಪಿನಿಂದ ಡಾಲಸ್ ಗುಂಪಿಗೆ ಹಾರಿತು. ಆ ವಾರದ ಕೊನೆಗೆ ನನ್ನ ಮೈದುನ ಫ್ಲವರ್ ಮೌಂಡಿನಿಂದ ಡ್ರೈವ್ ಮಾಡಿಕೊಂಡು ಬಂದು ನಮ್ಮ ಸೋಫಾದಲ್ಲಿ ಕೂತ. ಕಾಫಿ ಮುಟ್ಟಲಿಲ್ಲ.

"ವೈನಿ, ನಾ ನಿಮಗೇನೂ ಅನ್ನಂಗಿಲ್ರಿ" ಅಂದ. ಅವನು ನನ್ನನ್ನು ಕರೆಯುವುದೇ ಹಾಗೆ, ಅವರ ಕಡೆ ಅತ್ತಿಗೆಗೆ ವೈನಿ ಎನ್ನುತ್ತಾರೆ. "ನಿಮ್ಮ ಬಿಸಿನೆಸ್ಸು ನಿಮ್ಮದು. ಆದ್ರ ನಮ್ಮವ್ವ ಮಂದಿ ಮನಿ ಅಂಗಳದಾಗ ನಿಂತು ಏಣಿ ಹಿಡಿಯೋದಂದ್ರ ಏನ್ರಿ? ಆಫೀಸಿನಾಗ ನಾಕ ಮಂದಿ ಕನ್ನಡದವರು ಅದಾರ. ಎಲ್ಲಾರೂ ನನಗ ಫೋಟೋ ತೋರಿಸಿ ನಗತಾರ."

"ನಗೋದ್ರಿಂದ ಯಾರಿಗೂ ಜ್ವರ ಬರಲ್ಲ ಬಿಡಿ" ಅಂದೆ.

ಅವನ ಮುಖ ಕೆಂಪಾಯಿತು. ಆದರೆ ನನ್ನ ಜೊತೆ ಜಗಳಕ್ಕೆ ಬೀಳಲಿಲ್ಲ. ತಾಯಿಯ ಕಡೆ ತಿರುಗಿದ. "ಚಳಿ ಮುಗಿಯೋ ತನಕಾ ನನ್ನ ಕಡೆ ಬಾರವಾ" ಅಂದ. ಅತ್ತೆ ಬರುವುದಿಲ್ಲ ಎನ್ನುವಂತೆ ತಲೆ ಆಡಿಸಿದರು. ಆಗ ಅವನು ಅವರ ಕೈ ಹಿಡಿದುಕೊಂಡ. "ಒಬ್ಬ ಮಗಾ ಹೋದ. ಇನ್ನೊಬ್ಬ ಅದೀನಲ್ಲ. ನಾ ನಿನಗ ಲೆಕ್ಕಕ್ಕ ಇಲ್ಲೇನು?"

ಅತ್ತೆ ಎದ್ದು ಬಟ್ಟೆ ಜೋಡಿಸಲು ಹೋದರು. ನಾನು ತಡೆಯಲಿಲ್ಲ. ಅವನು ಹೊಟ್ಟೆಯಲ್ಲಿ ಹುಟ್ಟಿದ ಮಗ, ನಾನು ಯಾರು? ಅತ್ತೆ ಗುಲಾಬಿ ಶೂಸನ್ನು ಕವರಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡರು. ಕುರ್ಚಿ ಮಾತ್ರ ವ್ಯಾನಿನಲ್ಲೇ ಉಳಿಯಿತು.

ಏಣಿಗೆ ಹೊಸ ಸಲಕರಣೆ ತಂದೆ. ಮೇಲೆ ಗೋಡೆಗೆ ಆನಿಕೊಳ್ಳುವ ಅಗಲವಾದ ತೋಳು, ಕೆಳಗೆ ಜಾರದಂಥ ರಬ್ಬರ್ ಪಾದ, ಕಟ್ಟಿಕೊಳ್ಳಲು ಬೆಲ್ಟು. ಅಂಗಡಿಯವನು ಹೇಳಿದ ಪ್ರಕಾರ ಅದನ್ನು ಹಿಡಿಯಲು ಯಾರೂ ಬೇಕಿಲ್ಲ. ಅವನು ಹೇಳಿದ್ದು ಸುಳ್ಳಲ್ಲ, ಏಣಿ ಬಂಡೆಯಂತೆ ನಿಂತಿತ್ತು. ಆದರೆ ಜಾರ್ಜ್‌ಟೌನಿನ ಒಂದು ಎರಡಂತಸ್ತಿನ ಮನೆಯಲ್ಲಿ ಅರ್ಧ ಏಣಿ ಹತ್ತಿದವಳಿಗೆ ಕಾಲು ಮುಂದೆ ಹೋಗಲಿಲ್ಲ. ಮೇಲಕ್ಕೂ ಹೋಗಲಿಲ್ಲ, ಕೆಳಕ್ಕೂ ಬರಲಿಲ್ಲ. ಮೆಟ್ಟಿಲನ್ನು ಅಪ್ಪಿಕೊಂಡು ಎಷ್ಟು ಹೊತ್ತು ನಿಂತೆನೋ. ಮನೆಯ ಹೆಂಗಸು ಹೊರಗೆ ಬಂದು ಎಲ್ಲ ಸರಿಯಾಗಿದೆಯಾ ಎಂದಳು. ಕಣಜದ ಗೂಡು ಇದೆ, ಇನ್ನೊಂದು ದಿನ ಬರುತ್ತೇನೆ ಎಂದು ಸುಳ್ಳು ಹೇಳಿ, ಒಂದೊಂದೇ ಮೆಟ್ಟಿಲು ತಡವಿಕೊಂಡು ಇಳಿದೆ. ವ್ಯಾನಿನಲ್ಲಿ ಕೂತು ಸ್ಟೇರಿಂಗಿಗೆ ಹಣೆ ಇಟ್ಟು ಅತ್ತುಬಿಟ್ಟೆ. ಮೈದುನನನ್ನು ಬೈದೆ, ಫೋಟೋ ತೆಗೆದವರನ್ನು ಬೈದೆ, ಕೊನೆಗೆ ಒಂದೂ ಮಾತಾಡದೆ ಹೊರಟುಹೋದ ಅತ್ತೆಯನ್ನೂ ಬೈದೆ.

ಆಮೇಲೆ ಒಂದೇ ಅಂತಸ್ತಿನ ಮನೆಗಳನ್ನು ಮಾತ್ರ ಒಪ್ಪಿಕೊಂಡೆ. ಡ್ರೈವ್‌ವೇ ತೊಳೆದೆ, ಕಿಟಕಿ ಒರೆಸಿದೆ, ನಲ್ಲಿಗಳಿಗೆ ಟೋಪಿ ಹಾಕಿದೆ. ಸೀಸನ್ನಿನ ಭರಾಟೆಯ ದಿನಗಳಲ್ಲಿ ನಾನು ನೆಲದ ಮೇಲೆ ಓಡಾಡಿಕೊಂಡಿದ್ದೆ. ಫೋನಿನಲ್ಲಿ ಅತ್ತೆ ಆರಾಮದೀನಿ ಎನ್ನುತ್ತಿದ್ದರು, ಅಷ್ಟಕ್ಕೇ ಇಟ್ಟುಬಿಡುತ್ತಿದ್ದರು. ನಿಜ ಗೊತ್ತಾದದ್ದು ಮಗಳಿಂದ. ಹ್ಯೂಸ್ಟನ್‌ನಿಂದ ಫೋನ್ ಮಾಡಿ, "ಅಜ್ಜಿ ಈಸ್ ನಾಟ್ ಈಟಿಂಗ್, ಅಮ್ಮ. ಕಾಕಾ ಟೋಲ್ಡ್ ಮಿ. ಶಿ ಜಸ್ಟ್ ಸಿಟ್ಸ್ ಬೈ ದ ವಿಂಡೋ" ಅಂದಳು. ಅವಳು ಕನ್ನಡ ಪೂರಾ ಅರ್ಥ ಮಾಡಿಕೊಳ್ಳುತ್ತಾಳೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಯಾವ ಭಾಷೆಯಲ್ಲಿ ಹೇಳಿದರೇನು, ಅವತ್ತು ನನಗೂ ಊಟ ಸೇರಲಿಲ್ಲ. ಆದರೂ ನಾನು ಹೋಗಿ ಕರೆದುಕೊಂಡು ಬರಲು ಯಾವ ಬಾಯಿಂದ ಕೇಳಲಿ?

ಡಿಸೆಂಬರ್ ಶುರುವಿನಲ್ಲಿ ಒಂದು ಬೆಳಿಗ್ಗೆ ಬಿಸಿನೆಸ್ ಫೋನ್ ಬಡಿದುಕೊಂಡಿತು. ಗಿರಾಕಿಗಳಿಗೆ ಕೊಡುವ ನಂಬರು ಅದು, ಮನೆಯವರು ಯಾರೂ ಅದಕ್ಕೆ ಮಾಡುವುದಿಲ್ಲ.

"ಅಪಾಯಿಂಟ್‌ಮೆಂಟ್ ಬೇಕಾಗಿತ್ತು" ಎಂದಿತು ಆ ಕಡೆಯ ಧ್ವನಿ.

"ಅತ್ತೆ?"

"ಫ್ಲವರ್ ಮೌಂಡ್ ಮನಿ. ಎರಡು ಅಂತಸ್ತು. ಗಟರ್ ತುಂಬೇದ. ಮೊನ್ನೆ ಮಳಿ ಬಂದಾಗ ಬಾಗಿಲ ಮುಂದ ನೀರು ಸುರೀಲಿಕ್ಕೆ ಹತ್ತಿತ್ತು, ನಾ ಕಿಟಕಿಯಾಗಿಂದ ನೋಡೇನಿ. ನಾಳೆ ಮಧ್ಯಾಹ್ನ ಥಂಡಿ ಗಾಳಿ ಬರ್ತದಂತ ಟೀವಿಯಾಗ ಹೇಳ್ಯಾರ. ಬೆಳಿಗ್ಗೆನ ಬಾ. ದೊಡ್ಡ ಏಣಿ ತಗೊಂಡ ಬಾ."

"ಅವನು ಏನಂತಾನೆ?"

"ಗಿರಾಕಿ ನಾ. ಅವಂದೇನದ ಇದರಾಗ?"

ಕತ್ತಲಿರುವಾಗಲೇ ಎದ್ದು ಹೊರಟೆ. ಆ ಹೈವೇಯುದ್ದಕ್ಕೂ ನನ್ನಷ್ಟಕ್ಕೆ ನಾನೇ ನಗುತ್ತಿದ್ದೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರಲ್ಲ, ನಮ್ಮಿಬ್ಬರಿಗೂ ಒಂದೇ ಕಾಲ, ಈ ಎಲೆ ಉದುರುವ ಕಾಲ. ನಾನು ತಲುಪುವ ಹೊತ್ತಿಗೆ ಮೈದುನನೂ ಅವನ ಹೆಂಡತಿಯೂ ಆಫೀಸಿಗೆ, ಮಕ್ಕಳು ಸ್ಕೂಲಿಗೆ ಹೋಗಿದ್ದರು. ಗ್ಯಾರೇಜಿನ ಬಾಗಿಲು ತೆರೆದಿತ್ತು. ಒಳಗೆ ಒಂದು ಬಕೆಟ್ಟಿನ ಮೇಲೆ ಅತ್ತೆ ಕೂತಿದ್ದರು. ಜಾಕೆಟ್ಟು, ಮಂಕಿ ಕ್ಯಾಪು, ಗುಲಾಬಿ ಶೂಸು. ಕೆನ್ನೆ ಇಳಿದುಹೋಗಿತ್ತು, ಜಾಕೆಟ್ಟಿನೊಳಗೆ ಮೈ ಇದೆಯೋ ಇಲ್ಲವೋ ಅನ್ನಿಸುವಂತಿತ್ತು. ನಾನು ವ್ಯಾನಿನಿಂದ ಕುರ್ಚಿ ತೆಗೆದು ಹಾಕಿದೆ. ಅವರು ಅದರ ಕಡೆ ನೋಡಲಿಲ್ಲ, ಸೀದಾ ಏಣಿಯ ಕಡೆ ಬಂದರು.

"ಉಣ್ಣಲ್ವಂತೆ?" ಎಂದೆ.

"ಮೊದಲ ಕೆಲಸ."

ಆ ಮನೆಯ ಸುತ್ತ ಹಳೆಯ ಓಕ್ ಮರಗಳು. ಮೈದುನ ಗಟರಿಗೆ ಜಾಲರಿ ಹಾಕಿಸಿದ್ದ, ಇನ್ನು ಬಳಿಯುವ ಕೆಲಸವೇ ಇಲ್ಲ ಎಂದು ಯಾರೋ ಅವನಿಗೆ ಮಾರಿದ್ದರು. ಜಾಲರಿಯ ಮೇಲೆ ಎಲೆ ಕೊಳೆತು ಹಾಸಿಗೆಯಾಗಿತ್ತು, ಅದರಲ್ಲಿ ಓಕಿನ ಬೀಜ ಮೊಳೆತು ಪುಟ್ಟ ಸಸಿಗಳು ನಿಂತಿದ್ದವು. ಜಾಲರಿ ಬಿಚ್ಚಿ ಬಿಚ್ಚಿ ಕೆಳಗೆ ಬಿಡುತ್ತಾ ಹೋದೆ. ಅಷ್ಟು ಎತ್ತರ ಹೇಗೆ ಹತ್ತಿದೆ ಎಂದು ನನಗೆ ಹೊಳೆದದ್ದೇ ಹತ್ತಿ ತುಂಬ ಹೊತ್ತಾದ ಮೇಲೆ. ಕಾಲು ಎಲ್ಲೂ ನಿಂತಿರಲಿಲ್ಲ. ಕೆಳಗೆ ಅತ್ತೆಯ ಮಂಕಿ ಕ್ಯಾಪಿನ ತುದಿ ಕಾಣುತ್ತಿತ್ತು.

ಮನೆಗೆ ಯಾರೋ ಏಣಿ ಹಾಕಿದ್ದಾರೆ ಎಂದು ಪಕ್ಕದ ಮನೆಯವರು ಮೈದುನನಿಗೆ ಫೋನ್ ಮಾಡಿದ್ದರಂತೆ. ಅವನ ಕಾರು ಬಂದು ಡ್ರೈವ್‌ವೇಯಲ್ಲಿ ಅಡ್ಡಡ್ಡ ನಿಂತಿತು. ಆಫೀಸಿನ ಬ್ಯಾಡ್ಜು ಕತ್ತಿನಲ್ಲೇ ಇತ್ತು. ನಾನು ಇಳಿಯಲು ಹೊರಟೆ. "ನೀ ಇರು ಅಲ್ಲೆ" ಎಂದರು ಅತ್ತೆ. ಏಣಿಯ ಮೇಲೆ ನಿಂತವರಿಗೆ ಕೆಳಗಿನ ಮಾತು ಚೆನ್ನಾಗಿ ಕೇಳಿಸುತ್ತದೆ.

"ಅವ್ವಾ, ಬಿಡು ಅದನ್ನ. ಒಳಗ ನಡಿ."

"ಯಾಕ? ಮಂದಿ ನೋಡತಾರೇನು?"

"ಮಂದಿ ಸುಟ್ಟಬರಲಿ." ಕತ್ತಿನ ಬ್ಯಾಡ್ಜು ಕಿತ್ತು ಜೇಬಿಗೆ ತುರುಕಿದ. "ಅವತ್ತ ಹಂಗ ಅಂದೆ. ಬ್ಯಾರೆ ಹ್ಯಾಂಗ ಹೇಳಬೇಕಂತ ತಿಳೀಲಿಲ್ಲ, ಅದಕ್ಕ ಅಂದೆ. ಆ ಫೋಟೋ ನೋಡಿದಾಗಿಂದ ನನಗ ನಿದ್ದಿ ಇಲ್ಲ. ನಿನ್ನ ಎಲುಬು ಹ್ಯಾಂಗದಾವ ಅಂತ ಡಾಕ್ಟರ್ ನನ್ನ ಮುಂದ ಹೇಳ್ಯಾರ. ವೈನಿ ಮ್ಯಾಲಿಂದ ಜಾರಿದ್ರ ಎಲ್ಲೆ ಬೀಳತಾರ ಹೇಳು? ನಿನ್ನ ಮ್ಯಾಲೆ ಬೀಳತಾರ."

"ಬೀಳ್ಲಿ" ಅಂದರು ಅತ್ತೆ.

ಅವನು ಏಣಿಗೆ ಕೈ ಹಾಕಲು ಬಂದ, ಅತ್ತೆ ಮೊಣಕೈಯಿಂದ ತಳ್ಳಿದರು.

"ನನ್ನ ಮ್ಯಾಲೇ ಬೀಳ್ಲಿ ಅಂತನ ಇಲ್ಲೆ ನಿಂತೇನಿ. ಏಣಿ ಹಿಡಿಯೋ ಶಕ್ತಿ ನನ್ನ ಕೈಯಾಗ ಎಲ್ಲದ? ನಿಮ್ಮಣ್ಣ ಬಿದ್ದಾಗ ಕೆಳಗ ಕಲ್ಲಷ್ಟ ಇತ್ತು."

ನನ್ನ ಕೈಯಲ್ಲಿ ಒದ್ದೆ ಎಲೆಯ ಮುದ್ದೆ ಇತ್ತು. ಎಸೆಯಬೇಕು ಅನ್ನುವುದು ಮರೆತೇಹೋಯಿತು. ಇಷ್ಟು ವರ್ಷ ಅತ್ತೆ ನನ್ನ ಏಣಿ ಹಿಡಿದಿದ್ದಾರೆ ಎಂದುಕೊಂಡಿದ್ದೆ. ಆ ಸಣಕಲು ಜೀವ ಏಣಿಯನ್ನಲ್ಲ, ನನ್ನನ್ನು ಹಿಡಿಯಲು ನಿಂತಿತ್ತು. ನನ್ನ ಹೆತ್ತಮ್ಮ ಇದ್ದಿದ್ದರೆ ಇಷ್ಟು ಮಾಡುತ್ತಿದ್ದಳೋ ಇಲ್ಲವೋ ಗೊತ್ತಿಲ್ಲ. ಕಣ್ಣು ಮಂಜಾಗಿ ಗಟರೂ ಕಾಣಲಿಲ್ಲ, ಮರವೂ ಕಾಣಲಿಲ್ಲ. ಬಿದ್ದುಬಿಟ್ಟೇನು ಎಂದು ಎರಡೂ ಕೈಯಲ್ಲಿ ಏಣಿಯನ್ನು ತಬ್ಬಿಕೊಂಡೆ.

ಕೆಳಗೆ ಮೈದುನ ಮನೆಯೊಳಗೆ ಹೋದ ಸದ್ದು ಕೇಳಿಸಿತು. ಮುಗಿಯಿತು, ಸಿಟ್ಟು ಮಾಡಿಕೊಂಡು ಹೋದ ಎಂದುಕೊಂಡೆ. ಉತ್ತರದ ಗಾಳಿ ಆಗಷ್ಟೇ ಹೊರಟಿತ್ತು, ಬಳಿದ ಎಲೆಗಳು ಹುಲ್ಲಿನ ಮೇಲೆ ಉರುಳತೊಡಗಿದ್ದವು. ಅವನು ಹೊರಗೆ ಬಂದ. ಕೈಯಲ್ಲಿ ಮಕ್ಕಳು ಸೈಕಲ್ ಹೊಡೆಯುವಾಗ ಹಾಕಿಕೊಳ್ಳುವ ಹೆಲ್ಮೆಟ್ಟು ಇತ್ತು, ನೀಲಿ ಬಣ್ಣದ್ದು, ಮೇಲೆ ಡೈನೋಸಾರಿನ ಚಿತ್ರ. ತಾಯಿಯ ಎದುರು ನಿಂತು ಅದನ್ನು ಮಂಕಿ ಕ್ಯಾಪಿನ ಮೇಲೆಯೇ ಇಟ್ಟ. ಅತ್ತೆ ಏಣಿಯಿಂದ ಕೈ ತೆಗೆಯಲಿಲ್ಲ, ಗದ್ದ ಮಾತ್ರ ಎತ್ತಿ ಕೊಟ್ಟರು. ಅವನು ಗದ್ದದ ಕೆಳಗೆ ಪಟ್ಟಿ ಸಿಕ್ಕಿಸಲು ನೋಡಿದ, ಕೊಕ್ಕೆ ಕೂರಲಿಲ್ಲ. ಮತ್ತೆ ನೋಡಿದ.

"ಸಾವಕಾಶ ಹಾಕಪಾ" ಅಂದರು ಅತ್ತೆ. "ಆಕಿ ಇನ್ನೂ ಮ್ಯಾಲೆ ಅದಾಳ."